ಅಕ್ಕಚ್ಚು ಕುಡಿಯುವ ನೀರಾ, ಸ್ವಾಮಿ?

ನಮ್ಮ ಮನೆಯಲ್ಲಿ ಒಂದು ಹೈಡ್ರೇಂಜಿಯ ಗಿಡ ಇದೆ. ಮಡಿಕೇರಿಯ ನೆಂಟರ ಮನೆಯಿಂದ ಟೊಂಗೆ ಮುರಿದು ತಂದಿದ್ದು. ಅಲ್ಲಿ ಅದು ಬೇಲಿ ಪಕ್ಕದಲ್ಲಿ, ಯಾರ ಹಂಗೂ ಇಲ್ಲದೆ, ಹೂಕೋಸಿನ ಗಾತ್ರದ ನೀಲಿ ಗೊಂಚಲು ಬಿಟ್ಟುಕೊಂಡು ನಿಂತಿತ್ತು. ಬೆಂಗಳೂರಿಗೆ ತಂದು ಕುಂಡದಲ್ಲಿಟ್ಟ ಮೇಲೆ ಅದಕ್ಕೆ ಎರಡು ಕಾಟ ಶುರುವಾದವು. ಒಂದು ಬಾಯಾರಿಕೆ, ಇನ್ನೊಂದು ಕಾನೂನು.

ಬೆಂಗಳೂರಿನಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ, ಗೊತ್ತಲ್ಲ. ಮತ್ತೆ ಹಾಕಿದರೆ ಅದರ ಮೇಲೆ ದಿನಕ್ಕೆ 500. 2024ರ ಮಾರ್ಚಲ್ಲಿ ಜಲಮಂಡಳಿಯಿಂದ ಈ ಆದೇಶ ಬಂತು, 2025ರ ಫೆಬ್ರವರಿಯಲ್ಲಿ ಮತ್ತೆ ಬಂತು. ಮಾವಿನಕಾಯಿ ಥರ ಈಗ ಅದಕ್ಕೂ ಒಂದು ಸೀಸನ್. ಮೊದಲ ಸಲ 22 ಮನೆಯವರು ಸಿಕ್ಕಿಬಿದ್ದು 1.1 ಲಕ್ಷ ರೂಪಾಯಿ ಕಟ್ಟಿದರು. ಕೋಟಿ ದಾಟಿದ ಊರಿನಲ್ಲಿ 22 ಮನೆ! ಉಳಿದವರೆಲ್ಲ ಎಷ್ಟು ಸಭ್ಯರು ನೋಡಿ. ಅಂದಹಾಗೆ, ಅದೇ ವರ್ಷ ಸರ್ಕಾರ ನಿಗದಿ ಮಾಡಿದ ದರದಲ್ಲಿ ಐದು ಕಿಲೋಮೀಟರ್ ಒಳಗೆ 12,000 ಲೀಟರ್ ಟ್ಯಾಂಕರಿಗೆ 1,000 ರೂಪಾಯಿ. ಅಂದರೆ ಒಂದು ದಂಡದ ದುಡ್ಡಿಗೆ ಐದು ಟ್ಯಾಂಕರ್. ಆ ದರಕ್ಕೆ ನೀರು ಸಿಕ್ಕವರು ಯಾರಾದರೂ ಇದ್ದರೆ ದಯವಿಟ್ಟು ಕೈ ಎತ್ತಿ.

ಹೈಡ್ರೇಂಜಿಯ ಅಂದರೆ ಗ್ರೀಕ್ ಮಾತಿನಲ್ಲಿ ನೀರಿನ ಪಾತ್ರೆ ಅಂತ. ಅದರ ಬೀಜದ ಕಾಯಿ ಪುಟ್ಟ ಹೂಜಿಯ ಹಾಗಿರುತ್ತದೆ, ಅದಕ್ಕೆ ಆ ಹೆಸರು. ನಮ್ಮ ಏರಿಯಾದಲ್ಲಿ ನೀರಿನ ಪಾತ್ರೆ ಅಂದರೆ ಖಾಲಿ ಅಂತಲೇ ಅರ್ಥ. ಪಾಪ, ಗಿಡಕ್ಕೆ ಅದೆಲ್ಲ ಎಲ್ಲಿ ಗೊತ್ತು? ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಎಲೆಗಳನ್ನೆಲ್ಲ ಒದ್ದೆ ಟವೆಲ್ ಥರ ಜೋತುಹಾಕಿಕೊಂಡು ನಿಲ್ಲುತ್ತದೆ. ಮಣ್ಣು ಮುಟ್ಟಿ ನೋಡಿದರೆ ತೇವ ಇರುತ್ತದೆ. ಆದರೂ ನಾಟಕ. ಸಂಜೆ ಬಿಸಿಲು ಇಳಿದರೆ ತಾನೇ ಎದ್ದು ಕೂರುತ್ತದೆ. ನಾಟಕ ನಂಬಿ ಎರಡೆರಡು ಸಲ ನೀರು ಹೊಯ್ದರೆ ಬೇರು ಕೊಳೆಯುತ್ತದೆ. ಹಾಕದಿದ್ದರೆ ಗಿಡ ಒಣಗುತ್ತದೆ. ಹಾಕಿದರೆ ದಂಡ.

ಆದ್ದರಿಂದ ನಾನು ಕಾನೂನು ಓದತೊಡಗಿದೆ. ನೀರು ಯಾವ ಗಳಿಗೆಯಲ್ಲಿ ಕುಡಿಯುವ ನೀರಾಗಿರುವುದನ್ನು ನಿಲ್ಲಿಸುತ್ತದೆ? ಅಕ್ಕಿ ತೊಳೆದರೆ ಅದು ಅಕ್ಕಚ್ಚು. ಅಕ್ಕಚ್ಚನ್ನು ನಮ್ಮಜ್ಜಿ ದನಕ್ಕೆ ಕುಡಿಸುತ್ತಿದ್ದರು. ದನ ಕುಡಿದರೂ ಅದು ಕುಡಿಯುವ ನೀರೇ ಅಲ್ವಾ? ಅನುಮಾನವೇ ಬೇಡ ಅಂತ ಈಗ ದಿನಾ ಸಂಜೆ ಕುಂಡದ ಮೇಲೆ ಕೈ ತೊಳೆದುಕೊಳ್ಳುತ್ತೇನೆ. ಎರಡು ತಂಬಿಗೆ. ಯಾರಾದರೂ ಕೇಳಿದರೆ, ಸಾರ್, ಕೈ ತೊಳೆಯುತ್ತಿದ್ದೆ, ಗಿಡ ಅಡ್ಡ ಬಂತು.

ಎದುರು ಮನೆ ಅಜ್ಜಿಯ ಕೇಸು ಇನ್ನೂ ಗಹನ. ಬೆಳಿಗ್ಗೆ ಮಡಿಯಲ್ಲಿ ತುಳಸಿಕಟ್ಟೆಗೆ ಒಂದು ತಂಬಿಗೆ ನೀರು ಹಾಕಿ ಮೂರು ಸುತ್ತು ಬರುತ್ತಾರೆ. ಇದು ಪೂಜೆಯೋ, ತೋಟಗಾರಿಕೆಯೋ? ಪೂಜೆ ಆದರೆ ಕೇಳುವವರಿಗೆ ಧೈರ್ಯ ಇಲ್ಲ. ತೋಟಗಾರಿಕೆ ಆದರೆ ಮೂರು ಸುತ್ತು ಯಾಕೆ? ನಾನೂ ಹೈಡ್ರೇಂಜಿಯಕ್ಕೆ ಅರಿಶಿನ ಕುಂಕುಮ ಇಡೋಣ ಅಂದುಕೊಂಡೆ. ಹೆಂಡತಿ ಬಿಡಲಿಲ್ಲ.

ಹೂವಿನ ಬಣ್ಣದ ಕಥೆ ಬೇರೆ ಇದೆ. ಮಡಿಕೇರಿಯ ನೀಲಿ ಇಲ್ಲಿ ಬಂದು ಗುಲಾಬಿ ಬಣ್ಣಕ್ಕೆ ತಿರುಗಿತು. ಹುಳಿ ಮಣ್ಣಿನಲ್ಲಿ ಗಿಡದ ಬೇರಿಗೆ ಅಲ್ಯೂಮಿನಿಯಂ ಸಿಗುತ್ತದೆ, ಹೂವು ನೀಲಿಯಾಗುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಹಾಕುತ್ತಾ ಹೋದರೆ ಮಣ್ಣಿನ ಹುಳಿ ಸಾಯುತ್ತದೆ, ಹೂವು ಗುಲಾಬಿ. (ಇಲ್ಲಿ ಪಕ್ಷಾಂತರಿಗಳ ಮೇಲೆ ಒಂದು ಜೋಕ್ ಹೊಡೆಯಬಹುದಿತ್ತು. ಹೋಗಲಿ, ಅವರಿಗೆ ಮಣ್ಣೂ ಬೇಕಾಗಿಲ್ಲ.) ವಾಟ್ಸಾಪಿನಲ್ಲಿ ಯಾರೋ ತುಕ್ಕು ಹಿಡಿದ ಮೊಳೆ ಹೂಳಿ ಅಂದರು. ಹೂಳಿದೆ. ಗಿಡಕ್ಕೆ ಬೇಕಾಗಿದ್ದು ಅಲ್ಯೂಮಿನಿಯಂ, ನಾನು ಕೊಟ್ಟಿದ್ದು ಕಬ್ಬಿಣ. ಕೈಗೆ ಮೊಳೆ ಚುಚ್ಚಿಸಿಕೊಂಡಿದ್ದೇ ಲಾಭ.

ನಮ್ಮ ರಸ್ತೆಯ ತಿರುವಿನಲ್ಲಿ ಒಂದು ಪೈಪು ಒಡೆದು ಮೂರು ವಾರ ಆಯಿತು. ಸುಮಾರು ನೂರು ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪು ಹಾಕಿ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಹತ್ತಿಸಿ ತಂದ ಕಾವೇರಿ, ಇಲ್ಲಿ ಬಂದು ಸುಮ್ನೆ ಚರಂಡಿಗೆ ಹೋಗುತ್ತಾಳೆ. ದೂರು ಕೊಟ್ಟೆ. ‘ಸರಿಪಡಿಸಲಾಗಿದೆ’ ಅಂತ ಮೆಸೇಜ್ ಬಂತು. ಮೆಸೇಜ್ ಓದುವಾಗಲೂ ಕಾಲ ಕೆಳಗೆ ನೀರು ಹರಿಯುತ್ತಿತ್ತು. ಆ ಪೈಪಿಗೆ ದಿನಕ್ಕೆ 500 ಹಾಕುವವರು ಯಾರು?

ನಿಜ ಹೇಳಬೇಕೆಂದರೆ ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಧರ್ಮಾಂಬುಧಿ ಕೆರೆಯಲ್ಲಿ ಬಸ್ಸು ನಿಲ್ಲಿಸಿದೆವು. ಸಂಪಂಗಿ ಕೆರೆಯಲ್ಲಿ ಓಟದ ಪಂದ್ಯ ಇಟ್ಟೆವು. ಕೆರೆ ನುಂಗಿದವರಿಗೆ ಖಾತೆ ಮಾಡಿಕೊಟ್ಟು, ಒಂದು ತಂಬಿಗೆ ನೀರು ಹಿಡಿದು ಬಾಲ್ಕನಿಯಲ್ಲಿ ನಿಂತವರ ಮೇಲೆ ಕಣ್ಣಿಡುತ್ತೇವೆ. ಯಾಕೆ ಅಂದರೆ ಅವರು ಕಣ್ಣಿಗೆ ಕಾಣುತ್ತಾರೆ. ಓಡಿಹೋಗುವುದೂ ಇಲ್ಲ. ಸಾಕಾಗಿದೆ.

ಇರಲಿ. ಗಿಡಕ್ಕೆ ನೀರು ಹಾಕಬೇಡಿ ಅಂದ 2025ರ ಫೆಬ್ರವರಿ ಆದೇಶದ ಶಾಯಿ ಒಣಗುವಷ್ಟರಲ್ಲಿ, ಮೇ 19ಕ್ಕೆ ಇದೇ ಬೆಂಗಳೂರಿನ ಸಾಯಿ ಲೇಔಟ್ ಮಳೆ ನೀರಲ್ಲಿ ಮುಳುಗಿ, ಜನರನ್ನು ರಬ್ಬರ್ ದೋಣಿಯಲ್ಲಿ ಕರೆತಂದರು. ಆ ನೀರನ್ನು ಗಿಡಕ್ಕೆ ಹಾಕಬಹುದಿತ್ತಾ ಅಂತ ಯಾರೂ ಕೇಳಲಿಲ್ಲ.

ನಿನ್ನೆ ಸಂಜೆ ನಮ್ಮಲ್ಲೂ ಹೊಡೆಯಿತು ಮಳೆ. ರಸ್ತೆಯಲ್ಲಿ ಮೊಣಕಾಲವರೆಗೆ ನೀರು. ಹೈಡ್ರೇಂಜಿಯದ ಕುಂಡ ತುಂಬಿ ಹೊರಗೆ ಹರಿಯಿತು. ಅಷ್ಟರಲ್ಲಿ ಹೊರಗೆ ಹಾರನ್ ಕೇಳಿಸಿತು. ಬೆಳಿಗ್ಗೆ ಬುಕ್ ಮಾಡಿದ್ದ ಟ್ಯಾಂಕರ್.

‘ರೀ, ಟ್ಯಾಂಕರ್ ಬಂತು, ಬೇಗ ಹೋಗಿ,’ ಅಂದಳು ಹೆಂಡತಿ.

ಒಂದು ಕೈಯಲ್ಲಿ ಕೊಡೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಸಂಪಿನ ಮುಚ್ಚಳ ಎತ್ತಿದೆ.