ಕಾರು ನನ್ನದು, ಅದರ ಬೀಗ ಮಾತ್ರ ಯಾರದೋ

ಮೂರು ದಿನದಿಂದ ಹೊಟ್ಟೆಯೊಳಗೆ ಕುದಿಯುತ್ತಿದೆ. ಬರೆದುಬಿಡುತ್ತೇನೆ.

ಹೋದ ವಾರ ಕಡೂರಿಂದ ಅರಸೀಕೆರೆಗೆ ವಾಪಸ್ ಬರುವಾಗ ಬಾಣಾವರದ ಹತ್ತಿರ ಜಲ್ಲಿ ತುಂಬಿದ ಟಿಪ್ಪರ್ ಒಂದು ಮುಂದೆ ಹೋಗುತ್ತಿತ್ತು. ಟಾರ್ಪಾಲು ಹೊದಿಸಿರಲಿಲ್ಲ. ಟಪ್ ಅಂತ ಒಂದು ಕಲ್ಲು ಬಂದು ಮುಂದಿನ ಗಾಜಿಗೆ ಬಡಿಯಿತು. ಮೊದಲು ಅವರೆಕಾಳಿನಷ್ಟು ಗುರುತು. ಊರು ಸೇರುವಷ್ಟರಲ್ಲಿ ಸೀಳು ಗಾಜಿನ ಆ ತುದಿ ಮುಟ್ಟಿತ್ತು.

ಅಪ್ಪ ಅಂಬಾಸಿಡರ್ ಟ್ಯಾಕ್ಸಿ ಓಡಿಸಿಯೇ ನಮ್ಮನ್ನು ಓದಿಸಿದ್ದು ನಿಮಗೆಲ್ಲ ಗೊತ್ತು. ಕಾರ್ಬೊರೇಟರ್ ಜೆಟ್ ಬಿಚ್ಚಿ, ಬಾಯಲ್ಲಿ ಊದಿ, ಮತ್ತೆ ಕೂರಿಸಿ ಗಾಡಿ ಎಬ್ಬಿಸುತ್ತಿದ್ದರು. ಅವರ ಕೈಗೆ ಮೀರಿದ ಕೆಲಸ ರಫೀಕಣ್ಣನ ಗ್ಯಾರೇಜಿಗೆ. ನಾನೂ ಅಲ್ಲಿಗೇ ಹೋದೆ. ರಫೀಕಣ್ಣ ಗಾಜಿನ ಮೇಲ್ಭಾಗದಲ್ಲಿ, ಒಳಗನ್ನಡಿಯ ಹಿಂದೆ ಕೂತಿರುವ ಕ್ಯಾಮೆರಾವನ್ನೇ ಸ್ವಲ್ಪ ಹೊತ್ತು ನೋಡುತ್ತಾ ನಿಂತರು.

"ಗಾಜು ಒಂದು ಗಂಟೇಲಿ ಕೂರಿಸ್ತೀನಿ ಮೇಷ್ಟ್ರೇ. ಆದ್ರೆ ಈ ಕ್ಯಾಮೆರಾ ನನ್ನ ಮಾತು ಕೇಳಲ್ಲ. ಕಂಪನಿಗೇ ಹೋಗ್ಬೇಕು."

ಅಡಾಸ್ (ಓಡಿಸುವವನಿಗೆ ನೆರವಾಗುವ ಸುರಕ್ಷತಾ ವ್ಯವಸ್ಥೆ) ಇರುವ ಕಾರುಗಳಲ್ಲಿ ಈ ಕ್ಯಾಮೆರಾನೇ ರಸ್ತೆಯ ಗೆರೆ, ಮುಂದಿನ ಗಾಡಿ ನೋಡಿ ಬ್ರೇಕಿಗೆ ಹೇಳುವುದು. ಗಾಜು ಬದಲಾದರೆ ಅದರ ನೋಟ ಕೂದಲೆಳೆಯಷ್ಟು ಓರೆಯಾದರೂ ದೂರದಲ್ಲಿ ಲೆಕ್ಕ ತಪ್ಪುತ್ತದೆ. ಅದಕ್ಕೇ ಕ್ಯಾಲಿಬ್ರೇಷನ್. ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಟೈರಿನ ಗಾಳಿ ಸರಿಮಾಡಿ, ಎದುರಿಗೆ ಅಳತೆ ಪ್ರಕಾರ ಕಪ್ಪು-ಬಿಳಿ ಗುರುತಿನ ಬೋರ್ಡ್ ಇಟ್ಟು, ಲ್ಯಾಪ್‌ಟಾಪ್ ಜೋಡಿಸಿ ಅದಕ್ಕೆ ಮತ್ತೆ ನೇರ ಯಾವುದು ಅಂತ ಕಲಿಸಬೇಕು. ಇದು ನಮ್ಮ ಜಿಲ್ಲೆಯಲ್ಲಿ ಆಗಲ್ಲ ಅಂತ ಕಂಪನಿಯವರು ಅಂದರು. ಬೆಂಗಳೂರಿಗೆ ಹೋಗಿ ಬರೋಕೆ ಮುನ್ನೂರು ಕಿಲೋಮೀಟರ್ ಮೇಲೆ. ಸ್ಕೂಲಿಗೆ ಎರಡು ದಿನ ರಜೆ.

ಬಿಲ್ಲು ಕೇಳಿ. ಗಾಜಿಗೆ 28,600. ಕ್ಯಾಲಿಬ್ರೇಷನ್ನಿಗೆ 9,800. ಅಂಟು, ರಬ್ಬರ್ ಬೀಡಿಂಗ್, ಲೇಬರ್, ಜಿಎಸ್‌ಟಿ ಎಲ್ಲ ಸೇರಿ 47,350 ರೂಪಾಯಿ. ಗಾಜಿಗೆ ಇನ್ಶೂರೆನ್ಸಿನಲ್ಲಿ ಸವಕಳಿ, ಅಂದರೆ ಹಳೆಯದಾಯಿತು ಅಂತ ಕಡಿತ, ಹಿಡಿಯಲ್ಲ, ಅದು ನಿಯಮ. ಆದರೆ ಕ್ಯಾಲಿಬ್ರೇಷನ್ "ರಿಪೇರಿ ಅಲ್ಲ" ಅಂತ ಇನ್ಶೂರೆನ್ಸಿನ ಸರ್ವೇಯರ್ ಅದಕ್ಕೆ ಗೀಟು ಎಳೆದ. ಕ್ಲೇಮ್ ಮಾಡಿದ ತಪ್ಪಿಗೆ, ಹಳೇ ಕಾರಿನಿಂದ ಜೋಪಾನವಾಗಿ ತಂದುಕೊಂಡಿದ್ದ 45 ಪರ್ಸೆಂಟ್ ನೋ ಕ್ಲೇಮ್ ಬೋನಸ್ಸೂ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿ) ಹೋಯಿತು. ಬೆರಳಿನ ಉಗುರಿನಷ್ಟು ಒಂದು ಕಲ್ಲಿಗೆ!

ದುಡ್ಡಿಗಿಂತ ಹೆಚ್ಚು ಸಿಟ್ಟು ಬಂದಿರುವುದು ಬೇರೆಯದಕ್ಕೆ. ರಫೀಕಣ್ಣನಿಗೆ ಈ ಕೆಲಸ ಬರಲ್ಲ ಅಂತಲ್ಲ, ಅವರಿಗೆ ಕಲಿಯೋಕೆ ಬಿಡುತ್ತಿಲ್ಲ. ಸ್ಟೀರಿಂಗ್ ಕೆಳಗಿನ ಪೋರ್ಟಿಗೆ ಚುಚ್ಚುವ ಸ್ಕ್ಯಾನರ್ ಅವರ ಹತ್ತಿರ ಇದೆ, ಸಾಲ ಮಾಡಿ ತಂದದ್ದು. ಎರರ್ ಕೋಡ್ ಓದುತ್ತದೆ. ಮುಂದಿನ ಹೆಜ್ಜೆ ಇಟ್ಟರೆ ಕಂಪನಿಯ ಲಾಗಿನ್ ಕೇಳುತ್ತದೆ. ಅಲ್ಲಿಗೆ ಮುಗಿಯಿತು. ಇಪ್ಪತ್ತೆರಡು ವರ್ಷದಿಂದ ಪಾಠ ಮಾಡುತ್ತಿರುವವನು ನಾನು, ಕಲಿಯಲು ಸಿದ್ಧವಿರುವ ಮನುಷ್ಯನ ಮುಂದೆ ಬಾಗಿಲು ಹಾಕುವುದನ್ನು ನನಗೆ ಸಹಿಸಲು ಆಗುವುದಿಲ್ಲ.

ಇದು ಹೊಸ ಜಗಳವೂ ಅಲ್ಲ. 2014ರ ಆಗಸ್ಟ್‌ನಲ್ಲೇ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ದಂಡ ಹಾಕಿತ್ತು. ಬಿಡಿಭಾಗ, ರಿಪೇರಿ ಮಾಹಿತಿ, ತಪಾಸಣೆಯ ಸಲಕರಣೆ ಇವನ್ನು ಹೊರಗಿನ ಗ್ಯಾರೇಜುಗಳಿಗೂ ಸಿಗುವಂತೆ ಮಾಡಿ ಅಂತ ಆದೇಶ ಕೊಟ್ಟಿತ್ತು. ಕಂಪನಿಗಳು ಮೇಲ್ಮನವಿ, ಹೈಕೋರ್ಟು ಅಂತ ಹೋದವು. 2022ರ ಕೊನೆಗೆ ಕೇಂದ್ರ ಸರ್ಕಾರ ರೈಟ್ ಟು ರಿಪೇರ್, ಅಂದರೆ ರಿಪೇರಿಯ ಹಕ್ಕಿನ, ಪೋರ್ಟಲ್ ಕೂಡ ತೆರೆಯಿತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 2012ರಲ್ಲಿ ಜನ ಮತ ಹಾಕಿಯೇ ಈ ಹಕ್ಕು ಪಡೆದರು, ಕಾರುಗಳು ನಿಸ್ತಂತುವಾಗಿ ಮಾಹಿತಿ ಕಳಿಸಲು ಶುರುವಾದ ಮೇಲೆ 2020ರಲ್ಲಿ ಇನ್ನೊಮ್ಮೆ ಮತ ಹಾಕಿದರು. ನಮ್ಮ ಅರಸೀಕೆರೆಯಲ್ಲಿ ಮಾತ್ರ ಲಾಗಿನ್ ಪರದೆ ಹಾಗೇ ನಿಂತಿದೆ.

"ಸುರಕ್ಷತೆ ಬೇಡವಾ ಮೇಷ್ಟ್ರೇ?" ಅಂತ ಕೇಳುವವರು ಇದ್ದೀರಿ. ಬೇಕು. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಮಗಳು ಡ್ರೈವಿಂಗ್ ಕಲಿಯುತ್ತಿದ್ದಾಳೆ ಅಂತಲೇ ಪಿಎಫ್‌ನಿಂದ ದುಡ್ಡು ತೆಗೆದು ಟಾಪ್ ಮಾಡೆಲ್ ಕೊಂಡವನು ನಾನು. ಈ ವಿಷಯ ಮನೆಯವಳಿಗೂ ಇವತ್ತೇ ಗೊತ್ತಾಗುವುದು. ನಾಲ್ಕು ವರ್ಷದ ಹಿಂದೆ ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಹಸು ಅಡ್ಡ ಬಂದಾಗ ಹಳೇ ಕಾರಿನ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ನೋಡುವ ವ್ಯವಸ್ಥೆ) ಇಲ್ಲದಿದ್ದರೆ ನಾವು ಮೂವರೂ ಕೆಳಗಿರುತ್ತಿದ್ದೆವು. ಆ ಎಬಿಎಸ್ಸಿನ ಚಕ್ರದ ಸೆನ್ಸರ್ ಒಮ್ಮೆ ಕೆಟ್ಟಾಗ ರಿಪೇರಿ ಮಾಡಿದ್ದು ಇದೇ ರಫೀಕಣ್ಣ. ಕೋಡ್ ಓದಿ, ಸೆನ್ಸರ್ ಬದಲಿಸಿ, ಮಧ್ಯಾಹ್ನದೊಳಗೆ ಗಾಡಿ ಕೊಟ್ಟರು. ಜೀವ ಉಳಿಸುವ ಯಂತ್ರವನ್ನು ಸರಿಮಾಡುವ ವಿದ್ಯೆ ಬೆಂಗಳೂರಿನಲ್ಲಿ ಮಾತ್ರ ಇರಬೇಕು ಅನ್ನುವುದು ಸುರಕ್ಷತೆಯ ಮಾತಲ್ಲ. ಆಗದ ಖರ್ಚಿಗೆ ಹೆದರಿ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಉರಿಯುತ್ತಿರುವಾಗಲೇ ಗಾಡಿ ಓಡಿಸುವವರನ್ನು ನಮ್ಮ ಊರಲ್ಲೇ ನೋಡಿದ್ದೇನೆ. ಅವರ ಸುರಕ್ಷತೆ ಯಾರ ಲೆಕ್ಕಕ್ಕೆ?

ನಿನ್ನೆ ಸಂಜೆ ಕಾರು ತೋರಿಸೋಕೆ ಗ್ಯಾರೇಜಿಗೆ ಹೋಗಿದ್ದೆ. ಐವತ್ತೆಂಟು ವರ್ಷದ ರಫೀಕಣ್ಣ ಕೈಯ ಗ್ರೀಸನ್ನು ಹತ್ತಿ ವೇಸ್ಟಿಗೆ ಒರೆಸಿಕೊಂಡು, ಜೇಬಿನಿಂದ ಸಣ್ಣ ಡೈರಿ ತೆಗೆದು, ಪೆನ್ನು ಹಿಡಿದು ಕೇಳಿದರು.

"ಆ ಬೋರ್ಡು ಗಾಡಿಯಿಂದ ಎಷ್ಟು ದೂರಕ್ಕೆ ಇಟ್ಟಿದ್ರು ಮೇಷ್ಟ್ರೇ?"

ನಾನು ನೋಡಿರಲಿಲ್ಲ. ಕಸ್ಟಮರುಗಳನ್ನು ಆ ರೂಮಿನ ಒಳಗೆ ಬಿಡುವುದಿಲ್ಲ.