ಸತ್ಯಾಂಶ: ‘ಬೇರೆ ಮಾಡಿ ಕೊಟ್ಟರೂ ಲಾರಿಯಲ್ಲಿ ಎಲ್ಲಾ ಒಂದೇ’ ಎನ್ನುವುದು ನಿಜವೇ?

ಬೆಂಗಳೂರಿನ ಅಪಾರ್ಟ್‌ಮೆಂಟ್ ಗ್ರೂಪುಗಳಲ್ಲಿ ಒಂದು ಮಾತು ಆಗಾಗ ಓಡಾಡುತ್ತದೆ: ‘ಹಸಿ ಕಸ, ಒಣ ಕಸ ಬೇರೆ ಮಾಡೋದು ದಂಡ, ಎಲ್ಲಾನೂ ಒಂದೇ ಲಾರಿಗೆ ಸುರೀತಾರೆ.’

ಅರ್ಧ ಸತ್ಯ. ಕೆಲವು ಕಡೆ ಹಾಗೆ ಸುರಿಯುವುದುಂಟು, ಅದಕ್ಕೆ ದೂರು ಕೊಡಲೇಬೇಕು. ಆದರೆ ರಸ್ತೆ ಬದಿಯಲ್ಲಿ, ಮನೆ ಮನೆಯ ಕಸ ಒಯ್ಯುವ ಆಟೋ ಟಿಪ್ಪರ್‌ಗಳು ಕಸ ಒತ್ತಿ ತುಂಬಿಕೊಳ್ಳುವ ದೊಡ್ಡ ಕಾಂಪ್ಯಾಕ್ಟರ್ ಲಾರಿಗೆ ಕಸ ಸುರಿಯುವುದನ್ನು ಕಂಡ ಕೂಡಲೇ ‘ಮಿಕ್ಸ್ ಆಯ್ತು’ ಎನ್ನಲಾಗದು. ಹಲವು ಬೀದಿಗಳ ಹಸಿ ಕಸ ಒಂದೇ ಲಾರಿಗೆ ಸೇರಿದರೂ ಅದು ಹಸಿ ಕಸವೇ ಅಲ್ವಾ?

ಬೇರೆ ಮಾಡುವ ನಿಯಮ ಸುಮ್ನೆ ಬಂದದ್ದಲ್ಲ. ನಗರದ ಕಸವನ್ನು ಹೊರವಲಯದ ಮಾವಳ್ಳಿಪುರ, ಮಂಡೂರಿನಂಥ ಕಡೆ ಗುಡ್ಡೆ ಹಾಕಲಾಗುತ್ತಿತ್ತು. ಅಲ್ಲಿನ ಹಳ್ಳಿಯವರು ತಿರುಗಿಬಿದ್ದರು. 2015ರಲ್ಲಿ ಹೈಕೋರ್ಟ್ ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿಗೆ ಆದೇಶ ಕೊಟ್ಟಿತು. ಹಸಿ ಕಸಕ್ಕೆ ಹಸಿರು ಬುಟ್ಟಿ, ಪ್ಯಾಡ್, ಡೈಪರ್‌ನಂಥವಕ್ಕೆ ಕೆಂಪು, ಒಣ ಕಸಕ್ಕೆ ಚೀಲ.

ನಿಜವಾದ ನಷ್ಟ ಆಗುವುದು ಹೆಚ್ಚಾಗಿ ಅಡುಗೆಮನೆಯಲ್ಲೇ. ಸಾಂಬಾರು ತಾಗಿದ ಪೇಪರನ್ನು ಗುಜರಿಯವರೂ ಮುಟ್ಟುವುದಿಲ್ಲ. ಹಸಿ ಕಸಕ್ಕೆ ಒಡೆದ ಗಾಜು ಬಿದ್ದರೆ ಇನ್ನೂ ಕಷ್ಟ. ಆ ಕಸದಿಂದ ಮಾಡಿದ ಗೊಬ್ಬರವನ್ನು ಜರಡಿ ಹಿಡಿದರೂ ಸಣ್ಣ ಚೂರು ಉಳಿಯುತ್ತದೆ. ಬರಿಗೈಯಲ್ಲಿ ಮಣ್ಣು ಕೆದಕುವ ರೈತ ಅಂಥ ಗೊಬ್ಬರ ಯಾಕೆ ಕೊಳ್ಳುತ್ತಾನೆ?

ಹಸಿ ಕಸವನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಕೊಡುವುದೂ ಬೇಡ. ಬುಟ್ಟಿಯಿಂದ ನೇರ ಗಾಡಿಗೆ ಸುರಿಯಿರಿ. ಹಾಲಿನ ಪ್ಯಾಕೆಟ್ ತೊಳೆದು, ಒಣಗಿಸಿ ಚೀಲಕ್ಕೆ ಹಾಕಿ.