ಡಾರ್ವಿನ್‌ಗೆ ಟಿಸಿ ಕೊಟ್ಟಿದ್ದಾಯ್ತು

2023ರಲ್ಲಿ ಪಠ್ಯಪುಸ್ತಕ ಮಾಡೋ ಎನ್‌ಸಿಇಆರ್‌ಟಿಯೋರು ಹತ್ತನೇ ಕ್ಲಾಸಿಂದ ವಿಕಾಸವಾದದ ಡಾರ್ವಿನ್‌ನ ಹೊರಗೆ ಹಾಕಿದ್ರಲ್ಲ, ಆಗ ಒಂದಷ್ಟು ಗಲಾಟೆ ಆಯ್ತು, 1,800ಕ್ಕೂ ಹೆಚ್ಚು ವಿಜ್ಞಾನಿಗಳು ಮೇಷ್ಟ್ರುಗಳು ಸಹಿ ಹಾಕಿ ಪತ್ರ ಬರೆದ್ರು, ಆಮೇಲೆ ಎಲ್ರೂ ಮರ್ತ್ವಿ. ಮೊನ್ನೆ ಅಕ್ಕನ ಮಗಳ ಸಿಬಿಎಸ್‌ಇ ಪುಸ್ತಕ ತಿರುವಿ ಹಾಕ್ತಿದ್ದೆ. ಆಸಾಮಿ ಒಬ್ನೇ ಹೋಗಿಲ್ಲ, ಮೆಂಡಲೀವ್‌ನ ಆವರ್ತಕ ಕೋಷ್ಟಕನೂ ಕರ್ಕೊಂಡೇ ಹೋಗಿದಾನೆ. ಅನುವಂಶೀಯತೆ ಮತ್ತು ವಿಕಾಸ ಅಂತಿದ್ದ ಪಾಠ ಈಗ ಬರೀ ಅನುವಂಶೀಯತೆ. ಅಪ್ಪನ ಮೂಗು ಮಗನಿಗೆ ಬರುತ್ತೆ, ಮೂಗು ಅನ್ನೋದೇ ಎಲ್ಲಿಂದ ಬಂತು ಅಂತ ಮಾತ್ರ ಕೇಳ್ಬಾರ್ದು. ಮಕ್ಕಳ ಹೊರೆ ಇಳಿಸಿದಾರಂತೆ, ದೊಡ್ಡ ಮನಸ್ಸು.

ಮಂಗ ಮನುಷ್ಯ ಆಗಿದ್ದನ್ನ ಯಾರೂ ನೋಡಿಲ್ಲ ಅಂತ 2018ರಲ್ಲೇ ಕೇಂದ್ರ ಮಂತ್ರಿ ಸತ್ಯಪಾಲ್ ಸಿಂಗ್ ಹೇಳಿದ್ರು. ಅವರ ಮುತ್ತಜ್ಜನ ಮುತ್ತಜ್ಜನ್ನೂ ಯಾರೂ ನೋಡಿಲ್ಲ, ಹಂಗಂತ ಮಂತ್ರಿಗಳು ಹುಟ್ಟೇ ಇಲ್ಲ ಅನ್ನೋಕಾಗುತ್ತಾ? ಡಾರ್ವಿನ್ ಹೇಳಿದ್ದೂ ಈಗಿನ ಮಂಗ ಮನುಷ್ಯ ಆಯ್ತು ಅಂತಲ್ಲ, ಇಬ್ರಿಗೂ ಹಿಂದೊಂದೇ ಮೂಲ ಅಂತ, ಇರ್ಲಿ. ನಮ್ಮ ಕಡೆ ಮಂಗಗಳಿಗೆ ಸಂಬಂಧ ಕಡಿದಿದ್ದು ಇನ್ನೂ ಗೊತ್ತಾಗಿಲ್ಲ, ದಾಯಾದಿ ಪಾಲು ಅನ್ನೋ ಥರ ಬಾಳೆಗೊನೆ ಇಳಿಸ್ಕೊಂಡು ಹೋಗ್ತಾವೆ. ರೋಗನೂ ಪಾಲಲ್ಲೇ ಬಂದಿದೆ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಕಾಣಿಸ್ಕೊಂಡ ಮಂಗನ ಕಾಯಿಲೆ ವೈರಸ್ಸು ಮಂಗನ್ನೂ ಕೊಲ್ಲುತ್ತೆ, ನಮ್ಮನ್ನೂ ಕೊಲ್ಲುತ್ತೆ. ನಮಗೆ ದಾಟಿಸೋದು ಉಣುಗು, ಬೈಸ್ಕೊಳೋದು ಮಂಗ. ಹಳೇ ಲಸಿಕೆ ಕೆಲಸ ಮಾಡಲ್ಲ ಅಂತ ನಿಲ್ಲಿಸಿದ್ದೂ ಆಯ್ತು. ಒಂದೇ ಕಾಯಿಲೆ ಇಬ್ರಿಗೂ ಯಾಕೆ ಅಂತ ಸೊರಬದ ಹುಡುಗ ಕೇಳಿದ್ರೆ ಮೇಷ್ಟ್ರು ಯಾವ ಪೇಜು ತೋರಿಸ್ಬೇಕು?

ಉಳಿಸಿರೋ ಪಾಠದ ಗತಿ ಕೇಳ್ಬೇಡಿ. ತಾಮ್ರದ ಸಲ್ಫೇಟ್ ದ್ರಾವಣಕ್ಕೆ ಕಬ್ಬಿಣದ ಮೊಳೆ ಹಾಕೋ ಪ್ರಯೋಗ ಮೊದಲನೇ ಪಾಠದಲ್ಲೇ ಇದೆ. ಮೊಳೆ ನೋಡಿದ್ಯೇನೇ ಅಂದೆ. "ಇಲ್ಲ ಮಾವ, ಲ್ಯಾಬಿಗೆ ಬೀಗ, ಯೂಟ್ಯೂಬಲ್ಲಿ ತೋರಿಸಿದ್ರು" ಅಂದ್ಲು. ಸಮೀಕರಣ ಮಾತ್ರ ಕಂಠಪಾಠ. ಅದೇ ನಮ್ಮ ತೋಟಕ್ಕೆ ಕೊಳೆರೋಗಕ್ಕೆ ಔಷಧಿ ಹೊಡಿಯೋಕೆ ಬರೋನು, ಎಸ್ಸೆಸ್ಸೆಲ್ಸಿ ಫೇಲು, ಒಂದು ಕೆಜಿ ಮೈಲುತುತ್ತ (ಅದೇ ತಾಮ್ರದ ಸಲ್ಫೇಟ್) ಒಂದು ಕೆಜಿ ಸುಣ್ಣ ನೂರು ಲೀಟರ್ ನೀರಿಗೆ ಕಲಸಿ, ಸೊಂಟದ ಕತ್ತಿ ತೆಗೆದು ಅದ್ದಿ ಸ್ವಲ್ಪ ಹೊತ್ತು ಬಿಟ್ಟು ಎತ್ತಿ ನೋಡ್ತಾನೆ, ಅಲಗಿಗೆ ತಾಮ್ರದ ಕೆಂಪು ಹತ್ತಿದ್ರೆ ಸುಣ್ಣ ಸಾಲ್ದು ಅಂತ ಇನ್ನೊಂದು ಹಿಡಿ ಹಾಕ್ತಾನೆ. ಅದು ಅದೇ ತಾಮ್ರ, ಅದೇ ಕಬ್ಬಿಣ, ಅದೇ ಪ್ರಯೋಗ ಮಾರಾಯ್ರೆ! ಫೇಲಾದೋನು ಪ್ರಾಕ್ಟಿಕಲ್ ಮಾಡ್ತಿದಾನೆ, ಮಾರ್ಕ್ಸ್ ಇವಳಿಗೆ.

ಬಿಟ್ಟಿದ್ದನ್ನ ಪಿಯುಸಿಲಿ ಕಲೀತಾರೆ ಅಂತಾರೆ. ಯಾರ್ರೀ ಕಲಿಯೋದು? ಡಾರ್ವಿನ್ ಸಿಗೋದು ಬಯಾಲಜಿ ತಗೊಂಡೋರಿಗೆ. ಕಾಮರ್ಸ್‌ಗೆ ಐಟಿಐಗೆ ಹೋದೋರಿಗೆ, ಓದು ಬಿಟ್ಟು ತೋಟಕ್ಕೆ ಬಂದೋರಿಗೆ ಹತ್ತನೇ ಕ್ಲಾಸೇ ಕೊನೇ ವಿಜ್ಞಾನ. ಇಂಧನ ಮೂಲಗಳ ಪಾಠನೂ ತೆಗ್ದ್ರು, ನೈಸರ್ಗಿಕ ಸಂಪನ್ಮೂಲಗಳ ಪಾಠನೂ ತೆಗ್ದ್ರು. ಲಿಂಗನಮಕ್ಕಿ ಹಿನ್ನೀರಿಗೆ ಮನೆ ಗದ್ದೆ ಕಳ್ಕೊಂಡ ಜಿಲ್ಲೆ ಇದು, ಈಗ ಶರಾವತಿ ಕಣಿವೆಗೆ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್, ಅಂದ್ರೆ ನೀರು ಮೇಲೆತ್ತಿಟ್ಟು ಬೇಕಾದಾಗ ಇಳಿಸಿ ಕರೆಂಟ್ ತೆಗೆಯೋ ಯೋಜನೆ, ತರ್ತೀವಿ ಅಂತಿದಾರೆ. ನೀರು ಇಳಿಯೋವಾಗ ಸಿಗೋ ಕರೆಂಟಿಗಿಂತ ಮೇಲೆತ್ತೋಕೆ ಜಾಸ್ತಿ ಕರೆಂಟು ಬೇಕಲ್ಲ ಸ್ವಾಮಿ, ಅದನ್ನ ಎಲ್ಲಿಂದ ತರ್ತೀರಿ, ಸಿಂಗಳೀಕದ ಕಾಡು ಎಷ್ಟು ಹೋಗುತ್ತೆ ಅಂತ ಸಭೇಲಿ ಎದ್ದು ಕೇಳ್ಬೇಕಾದೋರು ಇದೇ ಹುಡುಗರು. ಕೇಳ್ದೇ ಇದ್ರೇನೇ ನಿಮಗೆ ಅನುಕೂಲ ಅನ್ನೋದಾದ್ರೆ ನೇರ ಹೇಳ್ಬಿಡಿ, ಇಷ್ಟಿಷ್ಟೇ ಯಾಕೆ ಹರೀತೀರಿ, ಪೂರ್ತಿ ಪುಸ್ತಕನೇ ತೆಗ್ದಾಕಿ.